ಅವ್ವ ಟೈರುಗಳಿಗೆ ಕೊಟ್ಟ ಅಂಕಗಳು

ಟೈರಿನೊಳಗೆ ಟ್ಯೂಬ್ ಕೂರಿಸುವ ಮೊದಲು ಅದಕ್ಕೊಂದು ಬಿಳಿ ಪುಡಿ ಸವರುತ್ತಾರೆ. ಆ ಪುಡಿಗೆ ತನ್ನದೇ ಆದ ಪರಿಮಳವೇನಿಲ್ಲ. ಬಿಸಿಲಿಗೆ ಕಾದ ರಬ್ಬರಿನ ಜೊತೆ ಸೇರಿದಾಗ ಮಾತ್ರ ಒಣದಾದ, ಬೆಚ್ಚಗಿನ ಒಂದು ವಾಸನೆ ಏಳುತ್ತದೆ. ಟ್ಯೂಬೇ ಬೇಡದ ಟೈರುಗಳು ಬಂದ ಮೇಲೆ ಆ ಪುಡಿ ಕಾಣುವುದೂ ಅಪರೂಪ. ಹೋದ ತಿಂಗಳು ಶಿವಾಜಿನಗರದಲ್ಲಿ ಬಸ್ಸಿಳಿದು ರಸೆಲ್ ಮಾರ್ಕೆಟ್ ಕಡೆಗೆ ನಡೆಯುತ್ತಿದ್ದಾಗ ಸಂದಿಯೊಂದರಿಂದ ಆ ವಾಸನೆ ಬಂತು. ಮುದುಕರೊಬ್ಬರು ನೆಲದ ಮೇಲೆ ಕೂತು ಗೂಡ್ಸ್ ಆಟೋದ ಟ್ಯೂಬಿಗೆ ಪುಡಿ ಸವರುತ್ತಿದ್ದರು. ನಿಮಗೆ ನಿಮ್ಮ ತಾಯಂದಿರ ನೆನಪು ಮಲ್ಲಿಗೆಯಿಂದಲೋ ಒಗ್ಗರಣೆಯಿಂದಲೋ ಬರುತ್ತಿರಬಹುದು. ನಾನು ಆ ಸಂದಿಯ ಬಾಯಲ್ಲಿ ಚೀಲ ಹಿಡಿದು ನಿಂತುಬಿಟ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಟೈರಿನ ಮೈಗೆ ಹೆಬ್ಬೆರಳ ಉಗುರು ಒತ್ತಿ ನೋಡುತ್ತಿದ್ದ ಅವ್ವ ಕಣ್ಣ ಮುಂದೆ ಬಂದಳು.

ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದ ಕಡೆಯಿಂದ ಬಂದಿದ್ದ ನಾವು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಸಾಲಿನಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಶೀಟು ಹೊದಿಸಿದ ಮಾಡು. ಆ ಮಾಡಿನ ಕೆಳಗೆ ತಿಳಿನೀಲಿ ಬಣ್ಣದ ಹೆರಾಲ್ಡ್ ಕಾರು ನಿಲ್ಲುತ್ತಿತ್ತು. ನನಗಿಂತ ಎಷ್ಟೋ ಹಿರಿದಾದ ಪುಟ್ಟ ಕಾರು. ಅದರ ಬಾನೆಟ್ಟನ್ನು ಎತ್ತಿದರೆ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಅಪ್ಪ ಹಲಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರು. ಯಾರೋ ಮನೆ ಖಾಲಿ ಮಾಡುವಾಗ ಆ ಕಾರನ್ನು ಕೊಂಡು, ತಾನೇ ಬಣ್ಣ ಬಳಿದು, ಅದರ ಬಾಗಿಲಿನ ಬಾಗನ್ನು ಚಿತ್ರದ ಹಾಗೆ ನೋಡುತ್ತಾ ಕೂರುತ್ತಿದ್ದ. ಅವ್ವ ಹತ್ತಿರದ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು, ಬಿಡಿಭಾಗಗಳನ್ನು ಪಾಸು ಅಥವಾ ಫೇಲು ಮಾಡುವ ಕೆಲಸ. ಆ ಕೆಲಸ ಅವಳೊಂದಿಗೆ ಮನೆಗೂ ಬರುತ್ತಿತ್ತು. ಅಳೆಯದೆ ಹೇಳಿದ ಮಾತಿಗೆ ನಮ್ಮ ಮನೆಯಲ್ಲಿ ಬೆಲೆ ಇರಲಿಲ್ಲ.

ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಇಂದಿರಾನಗರದಲ್ಲಿದ್ದರು. ದೊಡ್ಡ ಮನೆ, ದೊಡ್ಡ ದನಿ. ಒಂದು ದಿನ ಅವರು ಎರಡು ಹೊಸ ರೇಡಿಯಲ್ ಟೈರು ತಂದು ತಮ್ಮನಿಗೆ ಉಡುಗೊರೆ ಕೊಟ್ಟರು. ಆಗ ಹೆರಾಲ್ಡಿಗೆ ಇದ್ದದ್ದು ನಾಲ್ಕೂ ಹಳೆಯ ಬಗೆಯ ನೈಲಾನ್ ಟೈರು. ರೇಡಿಯಲ್ ರಸ್ತೆಯನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. "ಎರಡನ್ನೂ ಮುಂದ ಹಾಕೋ. ಹಿಡಿತ ಬೇಕಾಗೋದು ಮುಂದ. ಹಿಂದಿನವು ಸುಮ್ನ ಹಿಂದ ಬರ್ತಾವು" ಎಂದರು. ಅಣ್ಣನ ಮಾತನ್ನು ಅಪ್ಪ ಎಂದೂ ಮೀರಿದವನಲ್ಲ, ಹಾಕಿಸಿದ. ಮಳೆಗಾಲದ ಒಂದು ಭಾನುವಾರ ಅಪ್ಪ ಮತ್ತು ನಾನು ಹಲಸೂರು ಕೆರೆಯ ಕಡೆಗೆ ಹೊರಟಿದ್ದೆವು. ಇಳಿಜಾರಿನ ತಿರುವೊಂದರಲ್ಲಿ ಕಾರಿನ ಹಿಂಭಾಗ ಯಾರೋ ಬಾಲ ಹಿಡಿದು ಎಳೆದಂತೆ ಪಕ್ಕಕ್ಕೆ ಜಾರಿ, ಕಾರು ಗಿರ್ರನೆ ತಿರುಗಿ ಮರಕ್ಕೆ ಬಡಿಯಿತು. ಅಪ್ಪನ ಬಲಮೊಣಕಾಲು ಮುರಿಯಿತು. ನನ್ನ ಗಲ್ಲ ಸೀಳಿ ಆರು ಹೊಲಿಗೆ ಬಿದ್ದವು. ಆಗ ನನಗೆ ಹತ್ತು ವರ್ಷ.

ನಾವು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ದೊಡ್ಡಪ್ಪ ತೀರ್ಪು ಕೊಟ್ಟರು. "ಗಾಡೀನೂ ಮುದುಕ, ಓಡಸಾಂವಗೂ ಬುದ್ಧಿ ಇಲ್ಲ. ಕೂಸಿನ ಜೀವ ಹೋಗ್ತಿತ್ತು. ಗುಜರಿಗೆ ಹಾಕ್ರಿ." ತಾನು ಹೆಚ್ಚು ವೇಗದಲ್ಲಿರಲಿಲ್ಲ ಎಂಬುದು ಮಂಚದ ಮೇಲಿದ್ದ ಅಪ್ಪನಿಗೆ ಗೊತ್ತಿತ್ತು, ಆದರೆ ಕಾರು ಯಾಕೆ ತಿರುಗಿತು ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದವನು ತಪ್ಪನ್ನು ತನ್ನ ತಲೆಯ ಮೇಲೇ ಹಾಕಿಕೊಳ್ಳುತ್ತಾನೆ. ಆಮೇಲೆ ಎಷ್ಟೋ ತಿಂಗಳು ಅವನು ನನ್ನ ಮುಖ ನೋಡುವಾಗ ಕಣ್ಣಿನವರೆಗೆ ಮಾತ್ರ ನೋಡುತ್ತಿದ್ದ, ಗಲ್ಲಕ್ಕೆ ಇಳಿಯುತ್ತಿರಲಿಲ್ಲ. ಕಾರಿನ ಕೀಲಿಯನ್ನು ಅವ್ವನ ಕೈಗೆ ಕೊಟ್ಟು, "ನನ್ನ ಕೈಯಾಗ ಇದು ಬ್ಯಾಡ" ಎಂದ. ಅವ್ವ ಕೀಲಿ ತೆಗೆದುಕೊಂಡಳು. ದೊಡ್ಡಪ್ಪನಿಗೆ ಚಹಾ ಕೊಡುತ್ತಾ, "ಭಾವನೋರ, ನಮ್ಮ ಕಾರ್ಖಾನಿಯೊಳಗ ಒಂದು ಪಾರ್ಟ್ ಮುರದರ ಅದಕ್ಕ ಬೈದು ಕಸಕ್ಕ ಹಾಕೂದಿಲ್ಲ. ಯಾಕ ಮುರೀತು ಅಂತ ಹುಡುಕ್ತೀವಿ. ಹುಡುಕೂತನಕ ಗಾಡಿ ಇಲ್ಲೇ ಇರ್ಲಿ" ಎಂದಳು. ದೊಡ್ಡಪ್ಪ ನಕ್ಕರು. ಅವ್ವನಿಗೆ ಆಗ ಕಾರು ಓಡಿಸಲು ಬರುತ್ತಿರಲಿಲ್ಲ. ಅಪ್ಪನ ಕಾಲಿನ ಕಟ್ಟು ಬಿಚ್ಚುವಷ್ಟರಲ್ಲಿ ಕಲಿತುಬಿಟ್ಟಿದ್ದಳು. ಕಾರಿನ ನೆಗ್ಗಿದ ಮೈಯನ್ನೂ ತಟ್ಟಿಸಿ ನೇರ ಮಾಡಿಸಿದ್ದಳು.

ಗಫೂರ್ ಸಾಬರು ನಮ್ಮ ಬದುಕಿಗೆ ಬಂದದ್ದು ಹಾಗೆ. ಶಿವಾಜಿನಗರದ ಅವರ ಅಂಗಡಿಯಲ್ಲಿ ಹಳೆಯ ಸಣ್ಣ ಕಾರುಗಳ ಟೈರು ಸಿಗುತ್ತಿತ್ತು. ಗುಜರಿಗೆ ಹೋದ ಬೇರೆ ಹೆರಾಲ್ಡುಗಳ ಚಕ್ರಗಳೂ ಇದ್ದವು. ಎಲ್ಲ ಬಗೆಯ ಟೈರುಗಳನ್ನೂ ಹಾಕಿ ಓಡಿಸಿ, ಒಂದರ ಪಕ್ಕ ಒಂದಿಟ್ಟು ಅಂಕ ಕೊಡಬೇಕು ಎಂದು ಅವ್ವ ಕೇಳಿದಾಗ ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಟೈರ್ ಅಂದ್ರೆ ಟೈರೇ ಮೇಡಮ್. ಕಪ್ಪಗಿರ್ತದೆ, ದುಂಡಗಿರ್ತದೆ. ಮಾರ್ಕ್ಸ್ ಯಾಕೆ, ಸ್ಕೂಲಿಗೆ ಸೇರಿಸ್ತೀರಾ?"

"ಹೌದ್ರಿ ಸಾಬರ. ಪಾಸಾದವು ಅಷ್ಟ ನಮ್ಮ ಗಾಡಿಗೆ" ಎಂದಳು ಅವ್ವ.

ಅವರಿಗೆ ಏನನ್ನಿಸಿತೋ, ಮುಂದಿನ ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಚಕ್ರಗಳನ್ನು ಹೇರಿಕೊಂಡು ತಾವೇ ಬಂದರು. ಸಿ.ವಿ. ರಾಮನ್ ನಗರದ ಆಚೆ ಆಗ ಒಂದು ಲೇಔಟ್ ಇತ್ತು, ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಟಾರಿನ ಮೇಲೆ ಹಸುಗಳು ಮಲಗುತ್ತಿದ್ದವು. ಅವ್ವ ಅವನ್ನು ಎಬ್ಬಿಸಿ, ಸುಣ್ಣದಲ್ಲಿ ಗೆರೆ ಎಳೆದು, ಐವತ್ತರ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಒತ್ತುತ್ತಿದ್ದಳು. ನಿಂತ ದೂರವನ್ನು ಟೇಪು ಹಿಡಿದು ಅಳೆಯುತ್ತಿದ್ದಳು. ಆಮೇಲೆ ನಾಲ್ಕು ರಸ್ತೆ ಕೂಡುವ ಅಗಲ ಜಾಗದಲ್ಲಿ ಇಟ್ಟಿಗೆಯೊಂದನ್ನು ನಡುವೆ ಇಟ್ಟು, ಅದರ ಸುತ್ತ ಒಂದೇ ಅಳತೆಯ ಸುತ್ತು ಹೊಡೆಯುವುದು, ಟೈರು ಜಾರತೊಡಗುವವರೆಗೆ ವೇಗ ಏರಿಸುವುದು. ಅಪ್ಪ ಕೋಲೂರಿ ನಿಂತು, ಶಾಲೆಯ ಸ್ಟಾಪ್‌ವಾಚಿನಲ್ಲಿ ಹೊತ್ತು ಹೇಳುತ್ತಿದ್ದ. ಸದ್ದಿಗೆ ಅಂಕ ಕೊಡುವ ಅಧಿಕಾರ ನನ್ನದು. ನೇರ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಕೇಳಿ, ಹತ್ತಕ್ಕೆ ಇಷ್ಟು ಎಂದು ಹೇಳುತ್ತಿದ್ದೆ. ನಾನು ಹೇಳಿದ್ದನ್ನು ಅವ್ವ ಒಂದು ಸಲವೂ ತಿದ್ದಲಿಲ್ಲ.

ಹೀಗೆ ಎಷ್ಟೋ ಭಾನುವಾರ. ನೈಲಾನ್ ಟೈರು ಬೆಳಗಿನ ಹೊತ್ತು ಸೋಮಾರಿ: ರಾತ್ರಿಯಿಡೀ ನಿಂತ ಭಾರಕ್ಕೆ ಅಡಿಭಾಗ ಚಪ್ಪಟೆಯಾಗಿ, ಮೊದಲ ಅರ್ಧ ಮೈಲಿ ದಬ್ ದಬ್ ಎಂದು ಕುಣಿಸುತ್ತದೆ, ಬಿಸಿಯಾದ ಮೇಲೆ ಸಭ್ಯ. ಅದರ ಪಕ್ಕೆ ಗಟ್ಟಿ, ಕಲ್ಲು ಗುಂಡಿಗೆ ಹೆದರುವುದಿಲ್ಲ, ಆದರೆ ಒದ್ದೆ ರಸ್ತೆಯಲ್ಲಿ ನಂಬಿಕೆಗೆ ಅಷ್ಟಕ್ಕಷ್ಟೆ. ರೇಡಿಯಲ್ ಮಳೆಯಲ್ಲಿ ಎರಡು ಕಾರಿನುದ್ದ ಮೊದಲೇ ನಿಂತಿತು; ಕಾರು ನಿಲ್ಲಿಸುವ ಜಾಗದಲ್ಲಿ ಮಾತ್ರ ಸ್ಟೀರಿಂಗು ಒರಳುಕಲ್ಲಿನಷ್ಟು ಭಾರ. ಸವೆದ ಟೈರಿಗೆ ಹೊಸ ರಬ್ಬರು ಅಂಟಿಸಿದ ರಿಸೋಲ್ ಟೈರಿಗೆ ನಾನು ಸದ್ದಿನಲ್ಲಿ ಎರಡು ಅಂಕ ಕೊಟ್ಟೆ; ಅದು ಗಿರಣಿಯ ಹಾಗೆ ಹಾಡುತ್ತಿತ್ತು. ಇನ್ನೊಂದು ಬಗೆ ಗಫೂರ್ ಸಾಬರು ಹೆಮ್ಮೆಯಿಂದ ತಂದದ್ದು, ವರ್ಷಗಟ್ಟಲೆ ಗೋಡೌನಿನಲ್ಲಿ ಕೂತಿದ್ದ, ಒಂದು ದಿನವೂ ರಸ್ತೆ ಕಾಣದ 'ಹೊಸ' ಟೈರು. ಅವ್ವ ಉಗುರು ಒತ್ತಿದಳು, ಉಗುರು ಇಳಿಯಲಿಲ್ಲ. ಅಂಚಿನಲ್ಲಿ ಕೂದಲಿನಂಥ ಬಿರುಕು. ಅದನ್ನು ಓಡಿಸದೆಯೇ ಸೊನ್ನೆ ಬರೆದಳು. ಸಾಬರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಜಾಸ್ತಿ ಮಾರೋದೇ ಇದು ಮೇಡಮ್. ನಿಮ್ಮ ಲಿಸ್ಟ್‌ನಲ್ಲಿ ನನ್ನ ಅಂಗಡೀನೇ ಫೇಲ್ ಆಗೋಯ್ತಲ್ಲ" ಎಂದರು. ಆದರೂ ಮರುವಾರ ಹೋದಾಗ ಆ ಟೈರುಗಳು ಅಂಗಡಿಯ ಮುಂಭಾಗದಲ್ಲಿ ಇರಲಿಲ್ಲ, ಅವ್ವನ ಪಟ್ಟಿಯ ನಕಲು ಗೋಡೆಯ ಮೇಲಿತ್ತು.

ಕೊನೆಗೆ ಉಳಿದದ್ದು ಒಂದೇ ಪರೀಕ್ಷೆ. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಮುಂದೆ ಎರಡು ರೇಡಿಯಲ್, ಹಿಂದೆ ಎರಡು ನೈಲಾನ್: ಅಪಘಾತದ ದಿನ ಇದ್ದ ಹಾಗೆಯೇ ಹಾಕಲು ಅವ್ವ ಸಾಬರಿಗೆ ಹೇಳಿದಳು. "ಬ್ಯಾಡ" ಎಂದ ಅಪ್ಪ. ಅವಳು ಕೇಳಲಿಲ್ಲ. ನಾಲ್ಕೂ ನೈಲಾನ್ ಇದ್ದಾಗ ಆ ಸುತ್ತಿನಲ್ಲಿ ಕಾರು ಕಿರುಗುಟ್ಟಿ, ಮೂತಿ ಹೊರಕ್ಕೆ ಸರಿದು ಮೊದಲೇ ಎಚ್ಚರಿಸುತ್ತಿತ್ತು. ನಾಲ್ಕೂ ರೇಡಿಯಲ್ ಇದ್ದಾಗ ಆ ವೇಗಕ್ಕೆ ಜಾರಲೇ ಇಲ್ಲ. ಈಗ ಅದೇ ಸುತ್ತು, ಅದೇ ವೇಗ; ಮೂತಿ ಗಟ್ಟಿಯಾಗಿ ನಿಂತಿತು, ಅಷ್ಟು ಹಿಡಿತವಿಲ್ಲದ ಬಾಲ ಯಾವ ಸದ್ದೂ ಇಲ್ಲದೆ ಕಿತ್ತುಕೊಂಡು ಬಂತು. ಕಾರು ಅರ್ಧ ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಅಪ್ಪ ವಾಚು ಒತ್ತುವುದನ್ನೇ ಮರೆತಿದ್ದ. "ಅದ. ಹಿಂಗ ಆಗಿತ್ತು" ಎಂದ, ತನಗೇ ಹೇಳಿಕೊಂಡಂತೆ. ಅವ್ವ ಇನ್ನೂ ಎರಡು ಸಲ ಮಾಡಿ ತೋರಿಸಿದಳು. ಒಂದು ಸಲ ಆದದ್ದು ಆಕಸ್ಮಿಕ, ಮೂರು ಸಲ ಆದದ್ದು ಕಾರಣ ಎಂಬುದು ಅವಳ ಲೆಕ್ಕ. ಅಪ್ಪ ನನ್ನ ಕಡೆ ತಿರುಗಿ, ಬಹಳ ದಿನಗಳ ಮೇಲೆ, ಗಲ್ಲವನ್ನು ಬೆರಳಿನಿಂದ ಮುಟ್ಟಿ ನೋಡಿದ.

ದೊಡ್ಡಪ್ಪ ಅವ್ವನ ಅಂಕಗಳ ಕಾಗದ ಓದಿ, "ಹೆಣ್ಣುಮಕ್ಕಳ ಆಟ" ಎಂದು ಮಡಚಿಟ್ಟರು. ಅವ್ವ ವಾದ ಮಾಡಲಿಲ್ಲ. ಮರು ಭಾನುವಾರ ಅವರನ್ನು ಲೇಔಟಿಗೆ ಕರೆಸಿ, ಬಿಂದಿಗೆಗಳಲ್ಲಿ ನೀರು ಹೊಯ್ಯಿಸಿ ರಸ್ತೆ ತೋಯಿಸಿ, ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಳು. ಮೊದಲು ನಾಲ್ಕು ನೈಲಾನ್. ದೊಡ್ಡಪ್ಪ ಕಿಟಕಿಯಿಂದ ನಮಗೆ ಕೈ ಬೀಸಿದರು. ಆಮೇಲೆ ಅವರ ಉಡುಗೊರೆಯ ಜೋಡಿ ಮುಂದಕ್ಕೆ ಬಂತು. ಕಾರು ಗಿರ್ರನೆ ತಿರುಗಿ ನಿಂತಿತು. ದೊಡ್ಡಪ್ಪ ಇಳಿದು ಅಪ್ಪನ ಮುಂದೆ ಬಂದು ನಿಂತರು. ಅವನ ಹೆಗಲ ಮೇಲೆ ಕೈಯಿಟ್ಟು, ತಮ್ಮ ಕಾರಿನತ್ತ ನಡೆದುಬಿಟ್ಟರು. ಕ್ಷಮಿಸು ಎಂಬ ಪದ ನಮ್ಮ ಮನೆತನದ ಗಂಡಸರ ನಾಲಿಗೆಗೆ ಹತ್ತಿದ್ದೇ ಇಲ್ಲ. ಆದರೆ ಆ ವಾರದ ಕೊನೆಗೆ ಗಫೂರ್ ಸಾಬರ ಅಂಗಡಿಯಿಂದ ಇನ್ನೆರಡು ರೇಡಿಯಲ್ ಬಂದವು. "ಹಿಂದಿನ ಎರಡಕ್ಕ ಅಣ್ಣ ಕಳಿಸ್ಯಾನ" ಎಂದು ಅಪ್ಪ ನಕ್ಕ. ಅವ್ವ ನಗಲಿಲ್ಲ, ಮೊದಲು ಉಗುರು ಒತ್ತಿ, ಅಂಚು ಸವರಿ, ಎಂಟು ಅಂಕ ಕೊಟ್ಟ ಮೇಲೆಯೇ ಒಳಗೆ ಬಿಟ್ಟುಕೊಂಡಳು. ಎರಡು ತಿಂಗಳಲ್ಲಿ ಅಪ್ಪ ಮತ್ತೆ ಕಾರು ಓಡಿಸಿದ.

ಈಗ ಆ ಲೇಔಟಿನಲ್ಲಿ ಸುತ್ತು ಹೊಡೆಯುವುದಿರಲಿ, ಸೈಕಲ್ ತಿರುಗಿಸಲೂ ಜಾಗವಿಲ್ಲ. ಮನೆಯಿದ್ದಲ್ಲಿ ನಾಲ್ಕು ಅಂತಸ್ತು ಎದ್ದಿದೆ. ಸಾಬರು ಹೋದರು, ದೊಡ್ಡಪ್ಪ ಹೋದರು. ಅಪ್ಪ, ಅವನ ಹಿಂದೆ ಎರಡೇ ವರ್ಷಕ್ಕೆ ಅವ್ವ. ಹೆರಾಲ್ಡನ್ನು ಮೈಸೂರಿನ ಕಡೆಯವರಿಗೆ ಕೊಟ್ಟೆ. ಕೇಳಿದವರು "ಪಾಪ, ಹಳೇ ಕಾಲದವರು, ಹಳೇ ಕಾರು" ಎಂದು ಮರುಗುತ್ತಾರೆ. ನಿಮ್ಮವರ ಬಗ್ಗೆಯೂ ಜನ ಹೀಗೆಯೇ ಮರುಗಿರಬಹುದು. ಆ ಮರುಕ ನನಗೆ ಬೇಡ. ಅವರು ಕಾಲಕ್ಕೆ ಸೋತು ಹಿಂದೆ ಉಳಿದವರಲ್ಲ. ಎಲ್ಲರೂ ತೀರ್ಪು ಹೇಳಿ ಮುಗಿಸಿದ್ದ ಒಂದು ಮಾತನ್ನು, ಟೇಪು ಹಿಡಿದು ಅಳೆದು, ಸುಳ್ಳೆಂದು ತೋರಿಸಿದವರು.

ಅವ್ವ ನಿವೃತ್ತಳಾದ ದಿನ ವಿಭಾಗದವರು ಅವಳನ್ನು ಮನೆಗೆ ಬಿಡಲು ಹೂವಿನಿಂದ ಸಿಂಗರಿಸಿದ ದೊಡ್ಡ ಕಾರು ತಂದಿದ್ದರು. "ಬ್ಯಾಡ್ರಿ, ನಮ್ಮವರು ಬರ್ತಾರ" ಎಂದು ಅವಳು ಗೇಟಿನ ಬಳಿ ಹಾರ ಹಾಕಿಕೊಂಡೇ ನಿಂತಳು. ಅಪ್ಪ ಬಂದ, ಕೆಳಗಿಳಿದು ಬಾಗಿಲು ತೆರೆದ. ನಾನು ಹಿಂದೆ ಕೂತಿದ್ದೆ. ಎರಡು ಸಾವಿರದ ಇಸವಿಯ ನಂತರದ ಆ ರಸ್ತೆಗಳಲ್ಲಿ ಹೊಸ ಕಾರುಗಳೇ ತುಂಬಿದ್ದವು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಏನ್ ಸಾರ್, ಇದಿನ್ನೂ ಓಡ್ತದಾ?" ಎಂದ.

"ನಾವೇನು ನಿಂತಿಲ್ಲಪ್ಪ. ಸಿಗ್ನಲ್ ನಿಲ್ಲಿಸೈತಿ" ಎಂದ ಅಪ್ಪ.

ಅವ್ವ ಮುಂದೆ ನೋಡುತ್ತಾ ಕೂತಿದ್ದಳು. ದಾರಿಯುದ್ದಕ್ಕೂ ನಿಧಾನ ಎನ್ನಲಿಲ್ಲ, ಗೇರು ಎನ್ನಲಿಲ್ಲ, ಅಪ್ಪನ ಕಾಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ಮನೆ ಹತ್ತಿರ ಬಂದಾಗ ಅವನು ತಿರುಗಲಿಲ್ಲ, ನೇರ ಹೋಗಿಬಿಟ್ಟ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಕಿಟಕಿಯ ಗಾಜು ಇಳಿಸಿ, ಕೊರಳಿನ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು, ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.