ಕುದುರೆ ಸತ್ತ ಮೂರು ದಿನ

ನಾನು ಹುಟ್ಟಿದ್ದು ಸುತ್ತಲೂ ಗುಡ್ಡಗಳಿದ್ದ ಒಂದು ಪುಟ್ಟ ಸಂಸ್ಥಾನದಲ್ಲಿ. ಗುಡ್ಡದಾಚೆ ಹೊಸಪೇಟೆ, ಅಲ್ಲಿ ಬ್ರಿಟಿಷರ ಕಾನೂನು. ಈಚೆ ನಮಗೆ ಮಹಾರಾಜರ ಮಾತೇ ಕಾನೂನು. ಅವರ ಮೋಟಾರಿನ ಹಾರ್ನ್ ಕೇಳಿಸಿದರೆ ಸಾಕು, ಎಲ್ಲರೂ ಕೊಡೆ ಮಡಚಿ, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಲ್ಲಬೇಕು. ಹಾಗಾಗಿ ನನಗೆ ಹನ್ನೊಂದು ವರ್ಷವಾದರೂ ನಾನು ಅವರ ಮುಖ ಕಂಡವಳಲ್ಲ. ಮೋಟಾರಿನ ಚಕ್ರ ಮಾತ್ರ ಚೆನ್ನಾಗಿ ಗೊತ್ತಿತ್ತು.

ಅರಮನೆಯಲ್ಲಿ ಸಾವಾದರೆ ಊರಿನ ಯಾವ ಮನೆಯಲ್ಲೂ ಮೂರು ದಿನ ಒಗ್ಗರಣೆ ಹಾಕುವಂತಿರಲಿಲ್ಲ. ಆ ವರ್ಷ ಸತ್ತದ್ದು ಮಹಾರಾಜರ ಮೆಚ್ಚಿನ ಕುದುರೆ. ಅದಕ್ಕೂ ಡಂಗುರ ಹೊಡೆಸಿದರು. ನಗುವ ಧೈರ್ಯ ಯಾರಿಗಿತ್ತು? ಠಾಣೆಯ ದಫೇದಾರರು ಮೂಗು ಅರಳಿಸುತ್ತ ಬೀದಿ ಬೀದಿ ತಿರುಗುತ್ತಿದ್ದರು. ಅಪ್ಪ ಅರಮನೆಯ ಲಾಯದಲ್ಲಿ ಹುರಳಿ ಅಳೆದು ಕೊಡುವ ಕೆಲಸದಲ್ಲಿದ್ದ. ಕುದುರೆ ನೋಡಿಕೊಳ್ಳುತ್ತಿದ್ದ ಇಬ್ಬರನ್ನು ಅದು ಸತ್ತ ದಿನವೇ ಗಡಿಯಾಚೆ ಅಟ್ಟಿದ್ದರು. ಅಟ್ಟಿಸಿಕೊಂಡವರು ಮತ್ತೆ ಸಂಸ್ಥಾನದೊಳಗೆ ಕಾಲಿಡುವಂತಿಲ್ಲ. ಮುಂದಿನ ಸರದಿ ತನ್ನದೇ ಎಂದು ಅಪ್ಪ ಅನ್ನವನ್ನೂ ಮುಟ್ಟದೆ ಕೂತಿದ್ದ.

ಅವ್ವ ಹೆರಿಗೆಗೆಂದು ಕಂಪ್ಲಿಯ ತವರಿಗೆ ಹೋಗಿದ್ದಳು. ಅಡುಗೆ ನನ್ನ ಪಾಲಿಗೆ ಬಂದಿತ್ತು. ಎರಡನೆಯ ದಿನ ಮಧ್ಯಾಹ್ನ, ಕೈಗೆ ರೂಢಿಯಾದ ಹಾಗೆ, ಸಾರಿಗೆ ಸಾಸಿವೆ ಬೆಳ್ಳುಳ್ಳಿ ಚಟಪಟ ಅನ್ನಿಸಿಯೇಬಿಟ್ಟೆ. ಅಪ್ಪನ ತಾಯಿ, ನನ್ನಜ್ಜಿ, ಓಡಿಬಂದು ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದ.

“ಯಾರು ಹಾಕಿದ್ದು?”

ನಾನು ಸೌಟನ್ನು ಬೆನ್ನ ಹಿಂದೆ ಸರಿಸಿದೆ.

“ನಾನಪ್ಪ. ವಯಸ್ಸಾತು, ಮರತುಬಿಟ್ಟೆ” ಅಂದಳು ಅಜ್ಜಿ.

ಅಪ್ಪ ಹೊರಗೆ ಹೋಗಿ ಬೀದಿಯ ಎರಡೂ ಕಡೆ ನೋಡಿದ. ಒಂದು ನರಪಿಳ್ಳೆಯೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನಿಂದ ಅದೊಂದೇ ಆಗಲಿಲ್ಲ. “ಬ್ಯಾರೆಯವ್ರು ಹೇಳೋಕಿಂತ ಮದ್ಲ ನಾವ ಹೇಳಿಬಿಟ್ರ ಮಾಫಿ ಸಿಗ್ತದ, ಬಾರವ್ವ” ಎಂದು ಅಜ್ಜಿಯ ಕೈಹಿಡಿದು ಠಾಣೆಗೆ ಹೊರಟ. ನಾನೂ ಹಿಂದೆಯೇ ಹೋದೆ.

ದಫೇದಾರ ಕೇಳಿಸಿಕೊಂಡು ಹಣೆ ಚಚ್ಚಿಕೊಂಡ. “ಯಾಕ ಬಂದ್ರೀ? ನಮಗ್ಯಾರಿಗೂ ವಾಸನಿ ಬಂದಿದ್ದಿಲ್ಲ. ಈಗ ಇಷ್ಟು ಮಂದಿ ಮುಂದ ಹೇಳೀರಿ. ನಾ ಸುಮ್ಮನಿದ್ರ ನನ್ನ ಅಟ್ತಾರ.”

ಕಾಗದ ಅರಮನೆಗೆ ಹೋಯಿತು. ಮಹಾರಾಜರು ಊಟಕ್ಕೆ ಕೂತಿದ್ದವರು ಅಲ್ಲಿಂದಲೇ ಹೂಂ ಅಂದರಂತೆ. ಹೊತ್ತು ಮುಳುಗುವುದರೊಳಗೆ ಅಜ್ಜಿ ಗಡಿ ದಾಟಬೇಕು.

ಗಡಿಯಾಚೆ ಕಮಲಾಪುರದಲ್ಲಿ ಅವಳ ತಂಗಿಯ ಮನೆಯಿತ್ತು, ಅದೊಂದು ಪುಣ್ಯ. ಗಡಿಯ ಸುಂಕದ ಕಟ್ಟೆಯವರೆಗೆ ಅಪ್ಪ ಅವಳ ಬಟ್ಟೆಗಂಟು ಹೊತ್ತು ಬಂದ. “ಹಾಕಿದ್ದು ನಾನು” ಎಂದು ಈಗ ಹೇಳುತ್ತೇನೆ, ಆ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ದಾರಿ ಮುಗಿಯಿತು. ಅಜ್ಜಿಗೆ ನನ್ನ ಸಂಕಟ ತಿಳಿದಿರಬೇಕು. ನನ್ನ ಬೆರಳು ಗಟ್ಟಿಯಾಗಿ ಅದುಮಿ, “ನಿಮ್ಮಪ್ಪಗ ಹೊತ್ತಿಗೆ ಸರಿಯಾಗಿ ಉಣ್ಣಾಕ ನೀಡು” ಅಂದಳು.

ಕಾವಲಿನವನು ದಾರಿಗೆ ಅಡ್ಡಲಾಗಿದ್ದ ಬಿದಿರ ಗಳ ಎತ್ತಿದ. ಅಜ್ಜಿ ಬಗ್ಗಿ ಆಚೆ ಹೋದಳು. ಗಳ ಇಳಿಯಿತು. ಅಪ್ಪ ಗೊಳೋ ಎಂದು ಅತ್ತ. ನನಗೆ ಅಳು ಬರಲಿಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ: ಆಚೆ ಹೋದದ್ದು ನಾನಲ್ಲವಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಸಂತೋಷವಾಗಿತ್ತು.