ಸೌಟಣ್ಣನ ಗಣಿತ ಪರೀಕ್ಷೆ

ಜೈಲಿನ ಅಡುಗೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಲ್ಲುವುದೇ ಅವನ ಕೆಲಸ, ಹಾಗಾಗಿ ಎಲ್ಲರಿಗೂ ಅವನು ಸೌಟಣ್ಣ. ಕುಡಿದ ಅಮಲಿನಲ್ಲಿ ಒಡಹುಟ್ಟಿದವನನ್ನೇ ಕೊಂದು ಜೀವಾವಧಿಗೆ ಬಂದಿದ್ದ. ನಾನು ಅಲ್ಲಿ ಹತ್ತನೇ ತರಗತಿಗೆ ಪಾಠ ಹೇಳುತ್ತಿದ್ದೆ. ಅವನು ಬಂದು ಕೂತರೆ ಕೋಣೆಗೆಲ್ಲ ಹೊಗೆಯ ವಾಸನೆ.

ಉಳಿದವರು ಬರುತ್ತಿದ್ದದ್ದು ಅಲ್ಲಿ ಫ್ಯಾನ್ ಇದೆಯೆಂದು. ಸೌಟಣ್ಣ ಬಂದದ್ದು ಮಗಳಿಗಾಗಿ. ಆ ವರ್ಷ ಅವಳೂ ಹತ್ತನೇ ತರಗತಿ. ಅಪ್ಪನನ್ನು ನೋಡಲು ಒಮ್ಮೆಯೂ ಬಂದವಳಲ್ಲ. ಭೇಟಿಗೆ ಬಂದ ತನ್ನ ತಾಯಿಯ ಹತ್ತಿರ ಇವನು ಮಗಳನ್ನು ಕರೆತಾ ಎಂದು ಗೋಗರೆದಾಗ ಮುದುಕಿ ಮುಂದಿನ ಸಲ ಮೊಮ್ಮಗಳ ಮಾತನ್ನು ಹಾಗೇ ತಂದು ಒಪ್ಪಿಸಿದ್ದಳು: “‘ಅಪ್ಪ ಪಾಸಾಗ್ಲಿ, ಆಮೇಲೆ ಬರ್ತೀನಿ’ ಅಂದ್ಲು ಕಣೋ.”

ಉಳಿದ ವಿಷಯಗಳು ಹೇಗೋ ಆದವು. ಗಣಿತಕ್ಕೆ ಮಾತ್ರ ಊಟ ನಿದ್ದೆ ಬಿಟ್ಟು ಕೂತ. ಕೊಪ್ಪರಿಗೆಯ ಮಸಿಯ ಮೇಲೆ ಬೆರಳಿನಿಂದ ಸಮೀಕರಣ ಬಿಡಿಸುತ್ತಿದ್ದ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ” ಎಂದು ಪಹರೆಯವನು ಕಿಚಾಯಿಸಿದರೆ, “ಹಿಟ್ಟಿಗೆ ನಾನೇ ಇದೀನಲ್ಲ ಸಾರ್, ಹೂವಿಗೆ ಮೇಷ್ಟ್ರಿದಾರೆ” ಅನ್ನುತ್ತಿದ್ದ.

ಅಲ್ಲಿ ಬೆಳಗಾಗುವುದೇ ತಲೆ ಎಣಿಕೆಯಿಂದ. ಲೆಕ್ಕ ಸರಿಹೊಂದುವ ತನಕ ಹೊರಬಾಗಿಲು ತೆರೆಯದು, ಯಾರೂ ಕೂತಲ್ಲಿಂದ ಏಳುವಂತಿಲ್ಲ. ಗಣಿತದ ದಿನ ಸೌಟಣ್ಣನಿಗೆ ಅಡುಗೆಯಿಂದ ರಜೆ ಕೊಟ್ಟಿದ್ದರು. ಆದರೂ ಅಭ್ಯಾಸಬಲದಿಂದ, ಎಣಿಕೆಗೂ ಮೊದಲೇ ಬಿಡುವ ಅಡುಗೆಯವರ ಜೊತೆ ನಸುಕಿನಲ್ಲೇ ಹೊರಬಂದ, ಒಲೆ ಹೊತ್ತಿಸಿಕೊಟ್ಟ, ಅಡುಗೆಮನೆಯ ಹಿಂಬಾಗಿಲಿಗೆ ಅಂಟಿಕೊಂಡಿದ್ದ ತರಗತಿಯೊಳಗೆ ಹೋಗಿ ಕೂತ. ಅಡುಗೆಯಲ್ಲಿದ್ದಾನೆಂದು ಬ್ಯಾರಕ್ಕಿನವರು, ರಜೆಯಲ್ಲಿದ್ದಾನೆಂದು ಅಡುಗೆಯವರು ಅವನನ್ನು ಎಣಿಸಲಿಲ್ಲ. ಲೆಕ್ಕಕ್ಕೆ ಒಂದು ತಲೆ ಕಡಿಮೆ ಬಿತ್ತು.

ಅಪಾಯದ ಗಂಟೆ ಹೊಡೆದರು. ಪ್ರಶ್ನೆಪತ್ರಿಕೆ ತಂದವರ ಜೊತೆ ನಾನೂ ಹೊರಬಾಗಿಲಲ್ಲೇ ನಿಂತೆ. ಒಳಗೆ ಹಾಸಿಗೆ ಕೊಡವಿದರು, ಕಕ್ಕಸುಗಳ ಬಾಗಿಲು ಒದ್ದರು. ಕೊನೆಗೆ ಸಿಕ್ಕಿದ್ದು ತರಗತಿಯಲ್ಲಿ. ತಲೆ ಬಾಚಿಕೊಂಡು, ಪೆನ್ನು ಸ್ಕೇಲು ಜೋಡಿಸಿಟ್ಟುಕೊಂಡು ಕೂತಿದ್ದನಂತೆ.

“ತಡ ಆಗ್ಬಾರ್ದು ಅಂತ ಬೇಗ ಬಂದೆ ಸಾರ್.”

ತಪ್ಪಿಸಿಕೊಳ್ಳುವ ಯತ್ನವೆಂದು ಒಂಟಿ ಕೋಣೆಗೆ ಹಾಕಿದರು. ನಾನು ಅಧಿಕಾರಿಯ ಮುಂದೆ ಕೂಗಾಡಿದೆ. “ತಪ್ಪಿಸ್ಕೊಳ್ಳೋನು ಸ್ಕೇಲು ಇಟ್ಕೊಂಡು ಕೂರ್ತಾನೇನ್ರೀ?”

“ನಿಯಮ ಮೇಷ್ಟ್ರೇ. ನಮ್ಮ ಕೈಲಿ ಏನಿದೆ?”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಫ್ಯಾನಿಗೆ ಬರುತ್ತಿದ್ದವರೆಲ್ಲ ತಡವಾಗಿಯಾದರೂ ಬರೆದರು. ಇವನಿಗೆ ಆ ಪರೀಕ್ಷೆಯೂ ಇಲ್ಲ, ಇನ್ನು ಮುಂದೆ ತರಗತಿಯೂ ಇಲ್ಲವೆಂದಾಯಿತು.

ತಾಯಿಗೆ ಇದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮಗ ಪಾಸಾಗಿಯೇ ಇರುತ್ತಾನೆಂದು ಮುದುಕಿ ಫಲಿತಾಂಶದ ವಾರ ಮೊಮ್ಮಗಳನ್ನು ಕರೆತಂದಳು. ಅಂಕಪಟ್ಟಿ ಹಂಚಲು ಹೋಗಿದ್ದ ನಾನು ಭೇಟಿಯ ಕೋಣೆಯ ಬಾಗಿಲಲ್ಲಿದ್ದೆ. ಹುಡುಗಿ ಜಾಲರಿಯ ಹತ್ತಿರ ಬಂದು ನಿಂತಳು.

“ನಂಗೆ ಗಣಿತಕ್ಕೆ ಎಪ್ಪತ್ತೆರಡು. ನಿಂಗೆಷ್ಟಪ್ಪಾ?”

ಸೌಟಣ್ಣ ಜಾಲರಿಯನ್ನು ಹಿಡಿದುಕೊಂಡ. “ಆವತ್ತು ನಮ್ಮನ್ನ ಎಣಿಸ್ತಾ ಇದ್ರು ಮಗಾ...”

ಅವಳಿಗೆ ಅರ್ಥವಾಗಲಿಲ್ಲ. “ಪಾಸಾ, ಇಲ್ವಾ?”

ಇಲ್ಲವೆಂದು ತಲೆಯಾಡಿಸಿದ.

“ನಡಿ ಅಜ್ಜಿ, ಬಸ್ಸು ಹೋಗ್ಬಿಡುತ್ತೆ” ಎಂದಳು ಹುಡುಗಿ. ಭೇಟಿಯ ಸಮಯ ಇನ್ನೂ ಅರ್ಧ ಉಳಿದಿತ್ತು.