ರಂಜಿನಿ ವಾಪಸ್ ತೆಗೆದುಕೊಳ್ಳದ ನಾಲ್ಕು ಡಬ್ಬಿ

ಚಾಮರಾಜಪೇಟೆಯ ಮಾಯಣ್ಣನ ಮೆಡಿಕಲ್ ಶಾಪಿನಲ್ಲಿ ಹನ್ನೊಂದು ವರ್ಷದಿಂದ ಫಾರ್ಮಸಿಸ್ಟ್ ಆಗಿರುವ ರಂಜಿನಿಯನ್ನು ಕಂಡರೆ ನನಗಾಗುವುದಿಲ್ಲ. ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳಿದರೆ ತಲೆಯನ್ನೇ ಎತ್ತುವುದಿಲ್ಲ. ಬೆಳಿಗ್ಗೆ ಬಂದವಳೇ ಫ್ರಿಜ್ಜಿನ ಉಷ್ಣಾಂಶ ನೋಡಿ ಪುಸ್ತಕದಲ್ಲಿ ಬರೆಯುತ್ತಾಳೆ. ಅಷ್ಟು ಹೊತ್ತು ಗಿರಾಕಿ ಕಾಯಬೇಕು. ಒಮ್ಮೆ ಮಾಯಣ್ಣ ಪೂಜೆಯ ಮಲ್ಲಿಗೆ ಹೂವನ್ನು ಆ ಫ್ರಿಜ್ಜಿನಲ್ಲಿಟ್ಟಾಗ, ಯಜಮಾನನೆಂದೂ ನೋಡದೆ ಹೊರಗೆ ತೆಗೆದಿಟ್ಟಳು. ಸೊಕ್ಕು ಅನ್ನುವುದು ಇದಕ್ಕೇ.

ಏಪ್ರಿಲ್‌ನಲ್ಲಿ ನನ್ನ ಅಮ್ಮ ತೀರಿಕೊಂಡರು. ತಿಥಿಗೆ ತಂದ ಹಾಲು ಮೊಸರಿಗೆ ಜಾಗ ಬೇಕೆಂದು, ಫ್ರಿಜ್ಜಿನಲ್ಲಿದ್ದ ಅಮ್ಮನ ಇನ್ಸುಲಿನ್ ಡಬ್ಬಿಗಳನ್ನು ನಾನೇ ತೆಗೆದು ಒಲೆಯ ಮೇಲಿನ ಅಟ್ಟಕ್ಕೆ ತಳ್ಳಿದೆ. ತಿಂಗಳು ಕಳೆದ ಮೇಲೆ ಕಣ್ಣಿಗೆ ಬಿದ್ದವು. ನಾಲ್ಕು ಡಬ್ಬಿ, ಒಂದರ ಸೀಲೂ ಒಡೆದಿರಲಿಲ್ಲ. ವಾಪಸ್ ಕೊಡೋಣವೆಂದು ಅಂಗಡಿಗೆ ಒಯ್ದೆ.

“ಫ್ರಿಜ್ಜಲ್ಲೇ ಇತ್ತಾ ಸರ್?” ಎಂದಳು ರಂಜಿನಿ.

“ಹೂಂ,” ಅಂದೆ.

“ಇದ್ರೂ ತಗೊಳಲ್ಲ. ಆಚೆ ಹೋಗಿದ್ದನ್ನ ಇನ್ನೊಬ್ರಿಗೆ ಕೊಡಕ್ಕಾಗಲ್ಲ. ಬಿಸಿ ತಾಗಿದ್ರೆ ಕೆಟ್ಟಿರುತ್ತೆ, ನೋಡಕ್ಕೆ ಮಾತ್ರ ಹಾಗೇ ಇರುತ್ತೆ.”

“ಎಕ್ಸ್‌ಪೈರಿ ಮುಂದಿನ ವರ್ಷ ಕಣಮ್ಮ. ಓದಕ್ಕೆ ಬರಲ್ವಾ ನಿಂಗೆ?”

“ಆ ಡೇಟು ತಣ್ಣಗಿಟ್ರೆ ಮಾತ್ರ ಸರ್. ದಯವಿಟ್ಟು ಯಾರಿಗೂ ಕೊಡ್ಬೇಡಿ.”

ಮಾಯಣ್ಣನಿಗೆ ದೂರು ಹೇಳಿದೆ. ಅವನು ನನ್ನೆದುರೇ ಅವಳಿಗೆ ಬೈದ. ಅವಳು ಗೋಡೆಯ ಮೇಲಿದ್ದ ತನ್ನ ಸರ್ಟಿಫಿಕೇಟಿನ ಕಡೆ ಕೈ ತೋರಿಸಿ, “ತಗೊಳೋದಾದ್ರೆ ಅದನ್ನ ಇಳಿಸ್ಕೊಡಿ, ನಾನು ಹೋಗ್ತೀನಿ,” ಅಂದಳು. ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ನಡೆಸುವ ಹಾಗಿಲ್ಲ. ಮಾಯಣ್ಣ ಡಬ್ಬಿಗಳನ್ನು ನನ್ನ ಕಡೆಗೇ ತಳ್ಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಹಟದಲ್ಲಿ ನೇರ ವಿಶ್ವೇಶ್ವರಪುರಕ್ಕೆ ಹೋಗಿ ಡಬ್ಬಿಗಳನ್ನು ಅಂಜಮ್ಮಕ್ಕನಿಗೆ ಕೊಟ್ಟೆ. ಅಕ್ಕ ಹಾಕಿಕೊಳ್ಳುವುದೂ ಅದೇ ಇನ್ಸುಲಿನ್. ತಮ್ಮ ತಂದುಕೊಟ್ಟನೆಂದು ಅವಳಿಗೆ ಹಿಗ್ಗೋ ಹಿಗ್ಗು.

ಹತ್ತನೇ ದಿನ ಅಕ್ಕ ಎಚ್ಚರ ತಪ್ಪಿ ಬಿದ್ದಳು. ಶುಗರ್ ಐನೂರು ದಾಟಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ, ಅವಳ ಫ್ರಿಜ್ಜಿನಲ್ಲಿದ್ದ ಡಬ್ಬಿಗಳನ್ನು ಯಾರೂ ನೋಡದ ಹಾಗೆ ತೆಗೆದು ಬಿಸಾಕಿದೆ. ಆಸ್ಪತ್ರೆಯ ಅಂಗಡಿಯಲ್ಲಿ ಆ ಇನ್ಸುಲಿನ್ ಸಿಗದೆ, ಡಾಕ್ಟರ ಚೀಟಿ ಹಿಡಿದು ಮತ್ತೆ ರಂಜಿನಿಯ ಮುಂದೆಯೇ ನಿಲ್ಲಬೇಕಾಯಿತು.

ಹೊಸ ಡಬ್ಬಿಯನ್ನು ಐಸಿನ ಚೀಲದಲ್ಲಿಡುತ್ತಾ ಕೇಳಿದಳು: “ಆ ನಾಲ್ಕು ಏನ್ಮಾಡಿದ್ರಿ ಸರ್?”

“ಬಿಸಾಕ್ದೆ.”

ಅವಳು ಚೀಟಿಯಲ್ಲಿದ್ದ ಹೆಸರನ್ನು ನೋಡಿದಳು, ನನ್ನನ್ನು ನೋಡಿದಳು. ಆ ನೋಟಕ್ಕೆ ಇವತ್ತಿಗೂ ಅವಳನ್ನು ದ್ವೇಷಿಸುತ್ತೇನೆ.

ಆಸ್ಪತ್ರೆಯಲ್ಲಿ ಸೊಸೆಯ ಬೈಗುಳ ಕೇಳಿಸಿಕೊಂಡು ಅಕ್ಕ ಅಳುತ್ತಿದ್ದಳು. ನನ್ನ ಕೈ ಹಿಡಿದುಕೊಂಡು ಹೇಳಿದಳು: “ಎರಡು ಮಾವಿನಹಣ್ಣು ತಿಂದ್ಬಿಟ್ಟೆ ಕಣೋ. ಅದಕ್ಕೇ ಹಿಂಗಾಯ್ತು, ಅಲ್ವೇನೋ?”

“ಹೂಂ,” ಅಂದೆ.